ವ್ಯಾಪ್ತಿಯೂ ನಂಟೂ: ಕರ್ನಾಟಕದ ಪ್ರಾದೇಶಿಕ ವಿಶ್ವವಿದ್ಯಾಲಯಗಳು ಮತ್ತು ಅವುಗಳ ಸುತ್ತಲ ಸಮಾಜ

ಕರ್ನಾಟಕದ ವಿಶ್ವವಿದ್ಯಾಲಯ ಆಡಳಿತದಲ್ಲಿ ಪದೇ ಪದೇ ಕೇಳಿಬರುವ ಒಂದು ಮಾತು ‘ವ್ಯಾಪ್ತಿ’. ಯಾವ ಯಾವ ಜಿಲ್ಲೆಗಳ ಕಾಲೇಜುಗಳು ಯಾವ ವಿಶ್ವವಿದ್ಯಾಲಯದ ಪಠ್ಯಕ್ರಮಕ್ಕೆ, ಪರೀಕ್ಷೆಗೆ, ಪದವಿಗೆ ಒಳಪಡುತ್ತವೆ ಎಂಬುದನ್ನು ಗೊತ್ತುಮಾಡುವ ಗಡಿಗೆರೆ ಇದು. ಈ ಗೆರೆಯೊಳಗಿನ ನಾಡಿಗೆ ಉನ್ನತ ಶಿಕ್ಷಣ ಒದಗಿಸಲೆಂದು ಸರ್ಕಾರ ಸ್ಥಾಪಿಸಿದ ಸಂಸ್ಥೆಯನ್ನು ಪ್ರಾದೇಶಿಕ ವಿಶ್ವವಿದ್ಯಾಲಯವೆಂದು ಕರೆಯುವುದು ವಾಡಿಕೆ. ವ್ಯಾಪ್ತಿಯನ್ನು ಒಂದು ಅಧಿಸೂಚನೆಯಿಂದ ಬರೆಯಬಹುದು, ಇನ್ನೊಂದರಿಂದ ಅಳಿಸಬಹುದು. ಆದರೆ ಆ ಗೆರೆಯೊಳಗೆ ಬದುಕುವ ರೈತ, ನೇಕಾರ, ಮೀನುಗಾರ, ಮೊದಲ ತಲೆಮಾರಿನ ವಿದ್ಯಾರ್ಥಿ ಮತ್ತು ಅವರ ಮನೆಯವರಿಗೆ ವಿಶ್ವವಿದ್ಯಾಲಯದೊಡನೆ ಯಾವ ಬಗೆಯ ನಂಟು ಇದೆ ಎಂಬುದು ಅಧಿಸೂಚನೆಯಿಂದ ತೀರ್ಮಾನವಾಗುವ ಸಂಗತಿಯಲ್ಲ. ಕಳೆದ ನೂರು ವರ್ಷಗಳಲ್ಲಿ ಕರ್ನಾಟಕದಲ್ಲಿ ವ್ಯಾಪ್ತಿಗಳು ಮತ್ತೆ ಮತ್ತೆ ಒಡೆದು ಹೊಸ ವಿಶ್ವವಿದ್ಯಾಲಯಗಳು ಹುಟ್ಟಿದ ವೇಗದಲ್ಲಿ ನಂಟುಗಳು ಬೆಳೆದಿವೆಯೇ ಎಂಬುದು ಇಲ್ಲಿ ಪರಿಶೀಲಿಸಬೇಕಾದ ಪ್ರಶ್ನೆ.

ಈ ಪ್ರಶ್ನೆ ಹೊಸದಲ್ಲ. 1916ರ ಜುಲೈ 27ರಂದು ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯದ ಹಿಂದೆಯೇ ಅದು ಇತ್ತು. ಅಲ್ಲಿಯವರೆಗೆ ಮೈಸೂರಿನ ಮಹಾರಾಜ ಕಾಲೇಜು ಮತ್ತು ಬೆಂಗಳೂರಿನ ಸೆಂಟ್ರಲ್ ಕಾಲೇಜು ದೂರದ ಮದರಾಸು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಪಠ್ಯ, ಪರೀಕ್ಷೆ ಎರಡೂ ಅಲ್ಲಿಂದಲೇ ಬರುತ್ತಿದ್ದವು. ಹೊಸ ವಿಶ್ವವಿದ್ಯಾನಿಲಯದ ರೂಪರೇಷೆ ಸಿದ್ಧವಾಗುವಾಗ ಸಿ.ಆರ್. ರೆಡ್ಡಿ ಮತ್ತು ಥಾಮಸ್ ಡೆನ್‌ಹ್ಯಾಮ್ ಅವರು ಹೊರದೇಶಗಳ ಉನ್ನತ ಶಿಕ್ಷಣವನ್ನು ಅಧ್ಯಯನ ಮಾಡಿದರು. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಜೊತೆಗೆ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯವೂ ಆಗ ಗಮನ ಸೆಳೆಯಿತು. ತರಗತಿಯ ಹೊರಗಿನ ಜನಸಾಮಾನ್ಯರಿಗೂ ವಿದ್ಯೆ ಮುಟ್ಟಿಸುವುದು ತನ್ನ ಕೆಲಸವೆಂದು ಅದು ನಂಬಿತ್ತು. ವಿಶ್ವವಿದ್ಯಾಲಯದ ಗೋಡೆಯಾಚೆ ನಡೆಯುವ ಈ ಕೆಲಸಕ್ಕೆ ಕನ್ನಡದಲ್ಲಿ ‘ವಿಸ್ತರಣೆ’ ಎಂಬ ಹೆಸರು ನಿಂತಿದೆ. ಮೈಸೂರಿನಲ್ಲಿ ಅದು ಕನ್ನಡದ ಪ್ರಚಾರೋಪನ್ಯಾಸಗಳಾಗಿ, ಆ ಉಪನ್ಯಾಸಗಳಿಂದ ಹುಟ್ಟಿದ ಅಗ್ಗದ ಬೆಲೆಯ ಕಿರುಹೊತ್ತಗೆಗಳಾಗಿ, ಮುಂದೆ ಪ್ರಸಾರಾಂಗವೆಂಬ ವಿಭಾಗವಾಗಿ ರೂಪ ಪಡೆಯಿತು. ಅಧ್ಯಾಪಕನೊಬ್ಬ ತಾಲ್ಲೂಕು ಕೇಂದ್ರಕ್ಕೋ ಹಳ್ಳಿಗೋ ಹೋಗಿ ಗ್ರಹಣವನ್ನೋ ಸಾಂಕ್ರಾಮಿಕ ರೋಗವನ್ನೋ ಕನ್ನಡದಲ್ಲಿ ವಿವರಿಸುವುದು ಅಂದಿನ ಕಾಲಕ್ಕೆ ಸಣ್ಣ ಸಂಗತಿಯಾಗಿರಲಿಲ್ಲ. ಕಾಲೇಜಿನೊಳಗೆ ಅದೇ ಅಧ್ಯಾಪಕ ಅದೇ ವಿಷಯವನ್ನು ಇಂಗ್ಲಿಷಿನಲ್ಲಿ ಕಲಿಸಬೇಕಾಗಿತ್ತು ಎಂಬುದನ್ನು ನೆನೆದರೆ ಅದರ ತೂಕ ತಿಳಿಯುತ್ತದೆ.

ಧಾರವಾಡದ ಕಥೆ ಬೇರೆ. ಮೈಸೂರಿನಲ್ಲಿ ಅರಮನೆ ಕೊಟ್ಟದ್ದನ್ನು ಮುಂಬೈ ಕರ್ನಾಟಕದಲ್ಲಿ ಜನರೇ ಕೇಳಿ ಪಡೆಯಬೇಕಾಯಿತು. 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜು ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರು ಮೊದಲಾದವರ ಓಡಾಟದ ಮತ್ತು ಸಾರ್ವಜನಿಕರ ವಂತಿಗೆಯ ಫಲ. ಅದಕ್ಕೆ ಒಂದು ವರ್ಷ ಮೊದಲು ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಸೇರಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದ್ದರು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಮೊದಲು ಮುಂಬೈಯಲ್ಲಿ ಕಚೇರಿ ತೆರೆದು ಅದೇ ವರ್ಷ ಧಾರವಾಡಕ್ಕೆ ಬಂದಾಗ ಏಕೀಕರಣಕ್ಕೆ ಇನ್ನೂ ಏಳು ವರ್ಷ ಬಾಕಿಯಿತ್ತು. ರಾಜ್ಯವಾಗುವ ಮೊದಲೇ ಆ ಹೆಸರಿನ ವಿಶ್ವವಿದ್ಯಾಲಯ ಬಂದದ್ದರಿಂದ ಉತ್ತರದ ಜಿಲ್ಲೆಗಳ ಜನ ಅದನ್ನು ಬರಿಯ ವಿದ್ಯಾಸಂಸ್ಥೆಯಾಗಿ ಕಾಣಲಿಲ್ಲ; ತಮ್ಮ ನಾಡಿನ ಮುಂಗಡವೆಂದು ಕಂಡರು. ಈ ಎರಡು ಮೂಲಗಳ ವ್ಯತ್ಯಾಸ ಇಂದಿಗೂ ಪೂರ್ತಿ ಮಾಸಿಲ್ಲ.

ಆಮೇಲಿನ ಬೆಳವಣಿಗೆಗೆ ಒಂದು ನಿಶ್ಚಿತ ಜಾಡಿದೆ: ಮಾತೃ ವಿಶ್ವವಿದ್ಯಾಲಯ ದೂರದ ಜಿಲ್ಲೆಯೊಂದರಲ್ಲಿ ಸ್ನಾತಕೋತ್ತರ ಕೇಂದ್ರ, ಅಂದರೆ ಜನರ ಬಾಯಲ್ಲಿ ‘ಪಿಜಿ ಸೆಂಟರ್’, ತೆರೆಯುತ್ತದೆ, ಕೆಲವು ವರ್ಷಗಳ ನಂತರ ಅದು ಸ್ವತಂತ್ರ ವಿಶ್ವವಿದ್ಯಾಲಯವಾಗುತ್ತದೆ. ಕೊಣಾಜೆಯಲ್ಲಿದ್ದ ಮೈಸೂರಿನ ಕೇಂದ್ರ 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವಾಯಿತು. ಕಲಬುರಗಿಯಲ್ಲಿದ್ದ ಧಾರವಾಡದ ಕೇಂದ್ರ ಅದೇ ವರ್ಷ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. 1987ರಲ್ಲಿ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯ, 2004ರಲ್ಲಿ ತುಮಕೂರು, 2009ರಲ್ಲಿ ದಾವಣಗೆರೆ, 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ಮತ್ತು ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯಗಳು ಬಂದವು. ಪ್ರತಿ ಸಲವೂ ಕೊಟ್ಟ ಕಾರಣ ಸಾಮೀಪ್ಯ, ಮತ್ತು ಆ ಕಾರಣ ಸುಳ್ಳಲ್ಲ. ಬೀದರಿನ ವಿದ್ಯಾರ್ಥಿ ಅಂಕಪಟ್ಟಿಯ ತಿದ್ದುಪಡಿಗಾಗಿ ಧಾರವಾಡಕ್ಕೆ ಹೋಗಬೇಕಾಗಿದ್ದ ಕಾಲವನ್ನು ಕಂಡವರಿಗೆ ಕಲಬುರಗಿಯಲ್ಲಿ ಒಂದು ವಿಶ್ವವಿದ್ಯಾಲಯ ಇರುವುದರ ಅರ್ಥ ವಿವರಿಸಬೇಕಾಗಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿ ಸಾಮೀಪ್ಯ ಇನ್ನೂ ನಿರ್ಣಾಯಕ: ಬೆಳಗ್ಗೆ ಹೊರಟು ಸಂಜೆ ಬಸ್ಸಿಗೆ ಮನೆ ಸೇರಬಹುದಾದ ದೂರದಲ್ಲಿ ಎಂ.ಎ., ಎಂ.ಕಾಂ. ತರಗತಿ ಇದ್ದರೆ ಓದು ಮುಂದುವರಿಯುತ್ತದೆ, ಇಲ್ಲವಾದರೆ ಬಿ.ಎ.ಗೇ ನಿಲ್ಲುತ್ತದೆ. 2003ರಲ್ಲಿ ವಿಜಯಪುರದಲ್ಲಿ ಮಹಿಳಾ ವಿಶ್ವವಿದ್ಯಾಲಯ ಸ್ಥಾಪಿಸಿದ್ದರ ಹಿಂದೆಯೂ ಇದೇ ತಿಳಿವಳಿಕೆ ಕೆಲಸ ಮಾಡಿದೆ.

ಸ್ಥಳೀಯರ ಹಕ್ಕನ್ನು ಸಂವಿಧಾನವೇ ಮನ್ನಿಸಿರುವುದು ಕಲ್ಯಾಣ ಕರ್ನಾಟಕದಲ್ಲಿ. 98ನೆಯ ತಿದ್ದುಪಡಿಯಿಂದ ಸೇರಿದ 371(ಜೆ) ವಿಧಿಯ ಆಧಾರದಲ್ಲಿ ಆ ಪ್ರದೇಶದ ಶಿಕ್ಷಣ ಸಂಸ್ಥೆಗಳ ಶೇ 70ರಷ್ಟು ಸೀಟುಗಳು ಅಲ್ಲಿನವರಿಗೇ ಮೀಸಲಾಗಿವೆ. ಉದ್ಯೋಗದಲ್ಲಿಯೂ ಮೀಸಲಾತಿ ಇದೆ. ಒಂದು ವಿಶ್ವವಿದ್ಯಾಲಯ ತನ್ನ ಸುತ್ತಲಿನವರಿಗೆ ಬಾಗಿಲು ತೆರೆಯಬೇಕೆಂಬುದನ್ನು ಕಾನೂನಿನ ಮೂಲಕ ಖಚಿತಪಡಿಸಿದ ಈ ಏರ್ಪಾಡು ಸ್ವಾಗತಾರ್ಹವೇ. ಆದರೆ ಬಾಗಿಲೊಳಗೆ ಕಾಲಿಟ್ಟವನಿಗೆ ಕಲಿಸುವವರು ಯಾರು ಎಂಬುದು ಸೀಟಿನ ಲೆಕ್ಕದಷ್ಟು ಸುಲಭವಾಗಿ ಬಗೆಹರಿದಿಲ್ಲ. ಕಾಯಂ ಹುದ್ದೆಗಳು ಖಾಲಿ ಉಳಿದು, ತರಗತಿಗಳು ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಿಂತಿರುವುದು ರಾಜ್ಯದ ಹೆಚ್ಚಿನ ವಿಶ್ವವಿದ್ಯಾಲಯಗಳ ಸ್ಥಿತಿ. ವರ್ಷ ವರ್ಷವೂ ಮರುನೇಮಕಕ್ಕೆ ಕಾಯುವ ಅಧ್ಯಾಪಕನಿಂದ ಹತ್ತು ವರ್ಷ ಹಿಡಿಯುವ ಸ್ಥಳೀಯ ಸಂಶೋಧನೆಯನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಸಾಮೀಪ್ಯದ ಮಾತು ಹೀಗಿದ್ದರೂ ಬಹುಪಾಲು ಕುಟುಂಬಗಳಿಗೆ ವಿಶ್ವವಿದ್ಯಾಲಯ ಎದುರಾಗುವುದು ಪರೀಕ್ಷಾ ಕಚೇರಿಯ ರೂಪದಲ್ಲಿಯೇ. ಸಂಯೋಜನೆ ಎಂಬ ಪದ್ಧತಿಯಲ್ಲಿ ಕಾಲೇಜುಗಳು ಪಾಠ ಹೇಳುತ್ತವೆ, ವಿಶ್ವವಿದ್ಯಾಲಯ ಪಠ್ಯ ನಿಗದಿಪಡಿಸಿ, ಪರೀಕ್ಷೆ ನಡೆಸಿ, ಪದವಿ ಕೊಡುತ್ತದೆ; ಅದರ ಆಂತರಿಕ ಆದಾಯದ ದೊಡ್ಡ ಪಾಲು ಬರುವುದು ಸಂಯೋಜನಾ ಶುಲ್ಕ ಮತ್ತು ಪರೀಕ್ಷಾ ಶುಲ್ಕಗಳಿಂದ. ಹೀಗಾಗಿ ವ್ಯಾಪ್ತಿ ಎನ್ನುವುದು ಸೇವೆಯ ಕ್ಷೇತ್ರವಾಗಿರುವಂತೆಯೇ ಆದಾಯದ ಕ್ಷೇತ್ರವೂ ಆಗಿದೆ. ಮುಂದಕ್ಕೆ ಹೋದ ಪರೀಕ್ಷೆ, ತಡವಾದ ಫಲಿತಾಂಶ, ಬಾರದ ಅಂಕಪಟ್ಟಿ, ಮರುಮೌಲ್ಯಮಾಪನದ ಅರ್ಜಿ ಇವುಗಳಲ್ಲೇ ಒಂದು ಮನೆಯ ಅನುಭವ ಮುಗಿದುಹೋದರೆ, ಆ ಮನೆಯವರು ವಿಶ್ವವಿದ್ಯಾಲಯವನ್ನು ತಹಸೀಲ್ದಾರ್ ಕಚೇರಿಯ ಪಕ್ಕದ ಇನ್ನೊಂದು ಕಚೇರಿಯೆಂದು ಭಾವಿಸುವುದರಲ್ಲಿ ಅವರ ತಪ್ಪೇನೂ ಇಲ್ಲ.

ಇದಕ್ಕೆ ಎದುರಾಗಿ ನಿಲ್ಲಿಸಿ ನೋಡಬೇಕಾದದ್ದು ಕೃಷಿ ವಿಶ್ವವಿದ್ಯಾಲಯಗಳನ್ನು. 1960ರ ದಶಕದಲ್ಲಿ ಬೆಂಗಳೂರಿನಲ್ಲಿ, 1986ರಲ್ಲಿ ಧಾರವಾಡದಲ್ಲಿ, 2009ರ ಹೊತ್ತಿಗೆ ರಾಯಚೂರಿನಲ್ಲಿ ಸ್ಥಾಪನೆಯಾದ ಈ ಸಂಸ್ಥೆಗಳು ಅಮೆರಿಕದ ‘ಭೂದತ್ತಿ’ ವಿಶ್ವವಿದ್ಯಾಲಯಗಳ ಮಾದರಿಯವು. 1862ರ ಮಾರಿಲ್ ಕಾಯ್ದೆಯ ಪ್ರಕಾರ ಅಲ್ಲಿನ ರಾಜ್ಯಗಳಿಗೆ ಸರ್ಕಾರಿ ಭೂಮಿ ಕೊಟ್ಟು, ಅದರ ಹುಟ್ಟುವಳಿಯಿಂದ ಕೃಷಿ ಮತ್ತು ಯಂತ್ರವಿದ್ಯೆ ಕಲಿಸುವ ಕಾಲೇಜುಗಳನ್ನು ನಡೆಸುವಂತೆ ಮಾಡಿದ್ದರಿಂದ ಈ ಹೆಸರು. ಬೋಧನೆ, ಸಂಶೋಧನೆ, ವಿಸ್ತರಣೆ ಮೂರೂ ಒಂದೇ ಸಂಸ್ಥೆಯ ಸಮಾನ ಕರ್ತವ್ಯಗಳೆಂಬುದು ಈ ಮಾದರಿಯ ತಿರುಳು. ವಿಸ್ತರಣೆಗೆ ಇಲ್ಲಿ ನಿರ್ದೇಶಕರಿದ್ದಾರೆ, ಹುದ್ದೆಗಳಿವೆ, ಆಯವ್ಯಯವಿದೆ. ಸಾಮಾನ್ಯ ವಿಶ್ವವಿದ್ಯಾಲಯದಲ್ಲಿ ಅದು ಬಿಡುವಿದ್ದವರ ಉತ್ಸಾಹಕ್ಕೆ ಬಿಟ್ಟ ಕೆಲಸ. ವ್ಯತ್ಯಾಸದ ಮೂಲ ಇಷ್ಟೇ ಎಂದರೂ ಪರಿಣಾಮ ಸಣ್ಣದಲ್ಲ.

ರಾಗಿಯ ಉದಾಹರಣೆ ಇದನ್ನು ಸ್ಪಷ್ಟಪಡಿಸುತ್ತದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ತಳಿವಿಜ್ಞಾನಿ ಇಲ್ಲಿನ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಸಂಕರಗೊಳಿಸಿ ಪಡೆದ ‘ಇಂಡಾಫ್’ ತಳಿಗಳು ಹಳೆಯ ಮೈಸೂರಿನ ಹೊಲಗಳ ಇಳುವರಿಯನ್ನು ಬದಲಿಸಿದವು. ಒಂದು ದೇಶದ ಮತ್ತು ಒಂದು ಖಂಡದ ಹೆಸರು ಸೇರಿ ಆದ ಆ ಪದ ರೈತರ ಬಾಯಲ್ಲಿ ಊರ ಮಾತಿನಷ್ಟೇ ಸಲೀಸಾಯಿತು. ರಾಗಿಯನ್ನು ಕಾಡುವ ಬೆಂಕಿ ರೋಗವನ್ನು ತಡೆದುಕೊಳ್ಳುವ ಜಿಪಿಯು 28 ಮುಂದೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಿಂದಲೇ ಬಂತು. ಅಕ್ಕಿ, ಗೋಧಿಗಳಂತೆ ಅಂತರರಾಷ್ಟ್ರೀಯ ಸಂಸ್ಥೆಗಳ ಕಾಳಜಿ ರಾಗಿಗೆ ಇರಲಿಲ್ಲ. ಅದನ್ನು ಉಣ್ಣುವ ನಾಡಿನ ಸಂಸ್ಥೆಯೇ ಕೈಹಾಕದಿದ್ದರೆ ಬೇರೆ ಯಾರೂ ಆ ಕೆಲಸ ಮಾಡುತ್ತಿರಲಿಲ್ಲ. ಪ್ರಾದೇಶಿಕ ವಿಶ್ವವಿದ್ಯಾಲಯ ಏಕೆ ಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಸಿಗುವುದು ಕಷ್ಟ.

ಧಾರವಾಡದ ಹತ್ತಿಯ ಕಥೆ ಇಷ್ಟು ಸರಳವಲ್ಲ, ಆದ್ದರಿಂದಲೇ ಹೆಚ್ಚು ಕಲಿಸುತ್ತದೆ. 1972ರಲ್ಲಿ ಬಿ.ಎಚ್. ಕಟರ್ಕಿ ಅವರು ಅಲ್ಲಿ ಅಭಿವೃದ್ಧಿಪಡಿಸಿದ ‘ವರಲಕ್ಷ್ಮಿ’ ಎರಡು ಬೇರೆ ಬೇರೆ ಪ್ರಭೇದಗಳ ಹತ್ತಿಯನ್ನು ಕೂಡಿಸಿ ಪಡೆದ ವಾಣಿಜ್ಯ ಸಂಕರ ತಳಿ. ಉದ್ದನೆಯ ಎಳೆಗೆ ಹೆಸರಾದ ಅದು ಮಲಪ್ರಭಾ, ತುಂಗಭದ್ರಾ ನೀರಾವರಿ ಭಾಗದ ರೈತರಿಗೆ ಹಣ ತಂದಿತು. ಸಂಕರ ಬೀಜ ತಯಾರಿಸಲು ಹೂವಿನಿಂದ ಹೂವಿಗೆ ಕೈಯಿಂದಲೇ ಪರಾಗ ಮುಟ್ಟಿಸಬೇಕು. ಈ ‘ಕ್ರಾಸಿಂಗ್’ ಕೆಲಸ ಹಳ್ಳಿಗಳಲ್ಲಿ ಹೊಸ ದುಡಿಮೆಯಾಗಿ, ಅದರಲ್ಲಿಯೂ ಹೆಂಗಸರ ದುಡಿಮೆಯಾಗಿ ಬೆಳೆಯಿತು, ರಾಣೆಬೆನ್ನೂರಿನ ಸುತ್ತ ಬೀಜೋತ್ಪಾದನೆ ಒಂದು ಕಸುಬೇ ಆಯಿತು. ಅದರ ಬೆನ್ನಿಗೇ ಕೀಟಬಾಧೆ, ಔಷಧಿ ಸಿಂಪಡಣೆಯ ವೆಚ್ಚ, ಸಾಲ ಇವೂ ಬಂದವು. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆತ ಮೇಲೆ ಬೀಜದ ಮಾರುಕಟ್ಟೆ ಖಾಸಗಿ ಕಂಪನಿಗಳ ಕೈಸೇರಿತು. ವಿಶ್ವವಿದ್ಯಾಲಯ ಒಂದು ಪ್ರದೇಶದ ಬದುಕನ್ನು ಗಾಢವಾಗಿ ತಟ್ಟಬಲ್ಲದು, ಹಾಗೆ ತಟ್ಟಿದ ಮೇಲೆ ಅದರ ಹೊಣೆ ಬೀಜ ಬಿಡುಗಡೆಯ ದಿನಕ್ಕೆ ಮುಗಿಯುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಧಾರವಾಡ ಮತ್ತು ಬೆಂಗಳೂರಿನ ಕೃಷಿ ಮೇಳಗಳಿಗೆ ಪ್ರತಿ ವರ್ಷ ಲಕ್ಷಗಟ್ಟಲೆ ಜನ ಬರುತ್ತಾರೆ. ಜಾತ್ರೆಗೆ ಬಂದಂತೆ ಬುತ್ತಿ ಕಟ್ಟಿಕೊಂಡು ಬರುವವರಲ್ಲಿ ಎಷ್ಟು ಮಂದಿ ತಾಂತ್ರಿಕ ಗೋಷ್ಠಿ ಕೇಳುತ್ತಾರೆಂದು ಹಂಗಿಸುವವರುಂಟು. ಆದರೆ ಬೇರೆ ಯಾವ ವಿಶ್ವವಿದ್ಯಾಲಯದ ಆವರಣಕ್ಕೆ ಜನ ಇಷ್ಟು ಸಂಕೋಚವಿಲ್ಲದೆ ಕಾಲಿಡುತ್ತಾರೆ ಎಂಬ ಪ್ರಶ್ನೆಗೆ ಅವರಲ್ಲಿ ಉತ್ತರವಿಲ್ಲ. ಕೃಷಿ ಪದವಿಯ ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಹಳ್ಳಿಯಲ್ಲಿ ತಂಗಿ ರೈತರ ಜೊತೆ ದುಡಿಯುವ ಗ್ರಾಮೀಣ ಕಾರ್ಯಾನುಭವವೂ ಪಠ್ಯದ ಭಾಗ, ಅದಕ್ಕೆ ಅಂಕವಿದೆ. ಸಮಾಜಶಾಸ್ತ್ರ, ಅರ್ಥಶಾಸ್ತ್ರ, ಪತ್ರಿಕೋದ್ಯಮಗಳ ಎಂ.ಎ. ತರಗತಿಗಳಿಗೆ ಇಂಥದೊಂದು ಕಡ್ಡಾಯ ಏರ್ಪಾಡು ಏಕೆ ವ್ಯಾಪಕವಾಗಿ ಬರಲಿಲ್ಲ ಎಂಬುದು ಸೋಜಿಗದ ಸಂಗತಿ.

ಮಾನವಿಕ ವಿಷಯಗಳ ನಂಟು ಬೇರೊಂದು ದಾರಿಯಲ್ಲಿ ಸಾಗಿದೆ. ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸದಲ್ಲಿರುವ ಜಾನಪದ ವಸ್ತುಸಂಗ್ರಹಾಲಯ ಹಳ್ಳಿಗಳಿಂದ ತಂದ ನೇಗಿಲು, ಕುದುರು, ಕಡಗೋಲು, ತೊಗಲುಗೊಂಬೆಗಳನ್ನು ವಿದ್ವತ್ತಿನ ಸಾಮಗ್ರಿಯಾಗಿ ಎತ್ತಿ ಹಿಡಿಯಿತು. 1939ರಲ್ಲಿ ಸ್ಥಾಪನೆಯಾಗಿ ಮುಂದೆ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ ಕನ್ನಡ ಸಂಶೋಧನ ಸಂಸ್ಥೆ ಊರೂರಿನ ಶಾಸನಗಳನ್ನೂ ಹಸ್ತಪ್ರತಿಗಳನ್ನೂ ಕಾಪಾಡಿತು. 1991ರಲ್ಲಿ ಹಂಪಿಯಲ್ಲಿ ಚಂದ್ರಶೇಖರ ಕಂಬಾರರ ಕುಲಪತಿತ್ವದಲ್ಲಿ ಆರಂಭವಾದ ಕನ್ನಡ ವಿಶ್ವವಿದ್ಯಾಲಯ ಬುಡಕಟ್ಟು, ಜಾನಪದ, ಸ್ಥಳೀಯ ಚರಿತ್ರೆಗಳನ್ನೇ ಅಧ್ಯಯನದ ನಡುವೆ ಇಟ್ಟಿತು. ಅಲ್ಲಿನ ಘಟಿಕೋತ್ಸವಕ್ಕೆ ‘ನುಡಿಹಬ್ಬ’ವೆಂದು ಹೆಸರಿಟ್ಟದ್ದರಲ್ಲಿಯೂ ಆ ಮನೋಧರ್ಮವಿದೆ. ಇಂಥ ಸಂಸ್ಥೆಗೆ ಈಚಿನ ವರ್ಷಗಳಲ್ಲಿ ಅನುದಾನದ ಬರ ಬಂದಿರುವುದು ನಾಡಿಗೆ ಶೋಭೆ ತರುವಂಥದ್ದಲ್ಲ.

ಆದರೆ ಇಲ್ಲಿ ಒಂದು ಕೊರತೆಯೂ ಕಾಣುತ್ತದೆ. ಆರು ಸಂಪುಟಗಳ ತುಳು ನಿಘಂಟು 1988ರಿಂದ 1997ರ ನಡುವೆ ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಹೊರಬಂದದ್ದು ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಿಂದ. ತುಳುನಾಡಿನ ನಡುವೆಯೇ ಇರುವ ವಿಶ್ವವಿದ್ಯಾನಿಲಯದಲ್ಲಿ ತುಳು ಎಂ.ಎ. ಆರಂಭವಾದದ್ದು ಅದು ಹುಟ್ಟಿ ಸುಮಾರು ನಾಲ್ಕು ದಶಕಗಳಾದ ಮೇಲೆ. ವಚನ ಸಾಹಿತ್ಯದ ಮೊದಲ ದೊಡ್ಡ ಸಂಗ್ರಹ ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರ ಸ್ವಂತ ಶ್ರಮ. ಜಾನಪದ ಲೋಕವನ್ನು ಕಟ್ಟಿದ ಎಚ್.ಎಲ್. ನಾಗೇಗೌಡರು ಆಡಳಿತಾಧಿಕಾರಿಯಾಗಿದ್ದವರು. ಸಮಾಜ ತನ್ನ ಬಗ್ಗೆ ತಾನೇ ಮಾಡಿಕೊಂಡ ವಿದ್ವತ್ತು ಹಲವು ಸಲ ವಿಶ್ವವಿದ್ಯಾಲಯಕ್ಕಿಂತ ಮುಂದಿದೆ. ವಿಶ್ವವಿದ್ಯಾಲಯ ತಡವಾಗಿ ಬಂದು ಅದಕ್ಕೆ ಪೀಠ ಹಾಕಿದೆ.

ಪೀಠ ಎಂಬುದರ ಬಗೆಗೂ ಒಂದು ಮಾತು ಅಗತ್ಯ. ಸಂತರು, ಕವಿಗಳು, ಸಮಾಜ ಸುಧಾರಕರ ಹೆಸರಿನ ಅಧ್ಯಯನ ಪೀಠಗಳು ಇಂದು ಹೆಚ್ಚುಕಡಿಮೆ ಎಲ್ಲ ವಿಶ್ವವಿದ್ಯಾಲಯಗಳಲ್ಲಿವೆ. ಸರ್ಕಾರದ ಇಡುಗಂಟಿನಿಂದಲೋ ದಾನಿಗಳ ದತ್ತಿಯಿಂದಲೋ ನಡೆಯುವ ಇವು ಒಂದು ಜನಸಮುದಾಯ ತನ್ನ ಹೆಸರನ್ನು ಆವರಣದೊಳಗೆ ಕಾಣುವ ಸ್ಥಳಗಳು, ಆ ಆಸೆಯನ್ನು ಹಗುರಾಗಿ ಕಾಣಬಾರದು. ಆದರೆ ಕಾಯಂ ಸಂಶೋಧಕರಿಲ್ಲದೆ, ಬೇರೆ ವಿಭಾಗದ ಪ್ರಾಧ್ಯಾಪಕರೊಬ್ಬರನ್ನು ಹೆಚ್ಚುವರಿ ಹೊಣೆಯ ಸಂಯೋಜಕರನ್ನಾಗಿ ಮಾಡಿ, ವರ್ಷಕ್ಕೊಂದು ಜಯಂತಿ ಮತ್ತು ಒಂದು ವಿಚಾರ ಸಂಕಿರಣಕ್ಕೆ ಕೆಲಸ ಮುಗಿಸುವ ಪೀಠಗಳು ಹೆಚ್ಚು. ಸಮುದಾಯವನ್ನು ಸನ್ಮಾನಿಸುವುದು ಅದನ್ನು ಅರಿಯುವ ಕೆಲಸಕ್ಕೆ ಬದಲಿಯಾಗಲಾರದು.

ವಿಸ್ತರಣೆಯನ್ನು ಮೂರನೆಯ ಆಯಾಮವೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ 1970ರ ದಶಕದಲ್ಲೇ ಒಪ್ಪಿಕೊಂಡಿತ್ತು. 1969ರಲ್ಲಿ ಗಾಂಧಿ ಶತಮಾನೋತ್ಸವದ ವರ್ಷ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಏಳು ದಿನದ ಶಿಬಿರಗಳು ಹಲವು ಪೀಳಿಗೆಗಳ ನಗರದ ಹುಡುಗರಿಗೆ ಹಳ್ಳಿಯನ್ನು ತೋರಿಸಿವೆ. 2014ರ ಉನ್ನತ ಭಾರತ ಅಭಿಯಾನ ಪ್ರತಿ ಸಂಸ್ಥೆಯೂ ಐದು ಹಳ್ಳಿಗಳನ್ನು ದತ್ತು ಪಡೆಯಲೆಂದು ಹೇಳಿತು. ದತ್ತು ಎಂಬ ಪದದಲ್ಲಿಯೇ ಯಾರು ತಂದೆ, ಯಾರು ಅನಾಥ ಶಿಶು ಎಂಬ ತೀರ್ಮಾನ ಅಡಗಿರುವುದು ಯಾರಿಗೂ ಮುಜುಗರ ಉಂಟುಮಾಡಿದಂತಿಲ್ಲ. ಸಂಸ್ಥೆಗಳಿಗೆ ದರ್ಜೆ ಕೊಡುವ ನ್ಯಾಕ್ ವಿಸ್ತರಣೆಗೂ ಅಂಕವಿಟ್ಟ ಮೇಲೆ ಕಾರ್ಯಕ್ರಮಗಳು ಹೆಚ್ಚಿದವು, ಜೊತೆಗೆ ಸ್ಥಳದ ಗುರುತಿರುವ ಫೋಟೊಗಳೂ ವರದಿಗಳೂ ಹೆಚ್ಚಿದವು. ಅಧ್ಯಾಪಕರ ಬಡ್ತಿಯ ಲೆಕ್ಕ ಮಾತ್ರ ಬೇರೆಯೇ ಉಳಿಯಿತು. 2010ರ ಆಯೋಗದ ನಿಯಮಗಳು ತಂದ ಅಂಕಪದ್ಧತಿಯಲ್ಲಿ ಪಟ್ಟಿಮಾಡಿದ ನಿಯತಕಾಲಿಕದ ಒಂದು ಇಂಗ್ಲಿಷ್ ಲೇಖನಕ್ಕಿದ್ದ ಬೆಲೆ ಒಂದು ತಾಲ್ಲೂಕಿನ ಕೆರೆಗಳ ಬಗ್ಗೆ ಕನ್ನಡದಲ್ಲಿ ಬರೆದ ಪುಸ್ತಿಕೆಗೆ ಇರಲಿಲ್ಲ. ಅಧ್ಯಾಪಕ ಯಾವುದನ್ನು ಆರಿಸಿಕೊಳ್ಳುತ್ತಾನೆಂದು ಊಹಿಸಲು ಸಂಶೋಧನೆ ಬೇಕಿಲ್ಲ.

ಸ್ಥಳೀಯ ಸಮಾಜಕ್ಕೆ ವಿಶ್ವವಿದ್ಯಾಲಯದ ತೀರ್ಮಾನಗಳಲ್ಲಿ ದನಿಯಿದೆಯೇ ಎಂಬುದು ಅಷ್ಟಾಗಿ ಚರ್ಚೆಯಾಗದ ವಿಷಯ. ಹಿಂದಿನ ಕಾಯ್ದೆಗಳಲ್ಲಿ ಸೆನೆಟ್ ಎಂಬ ದೊಡ್ಡ ಸಭೆಯಿತ್ತು. ಅದರಲ್ಲಿ ಹೊರಗಿನವರಿಗೂ ಸ್ಥಾನವಿದ್ದು, ವಿಶ್ವವಿದ್ಯಾಲಯ ತನ್ನ ವರದಿಯನ್ನು ಅವರ ಮುಂದೆ ಇಡಬೇಕಾಗಿತ್ತು. 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಯ ಪ್ರಾಧಿಕಾರಗಳ ಪಟ್ಟಿಯಲ್ಲಿ ಸೆನೆಟ್ ಇಲ್ಲ. ಆಡಳಿತದ ಕೀಲಿಕೈ ಇರುವ ಸಿಂಡಿಕೇಟಿಗೆ ಹೊರಗಿನಿಂದ ಬರುವವರು ಮುಖ್ಯವಾಗಿ ಸರ್ಕಾರವೂ ಕುಲಾಧಿಪತಿಯೂ ನಾಮಕರಣ ಮಾಡಿದವರು. ಸೆನೆಟ್ ಗದ್ದಲದ ಸಭೆಯಾಗಿತ್ತೆಂಬ ದೂರು ನಿಜವಿರಬಹುದು, ಆದರೆ ಗದ್ದಲವೂ ಒಂದು ಬಗೆಯ ಸಂಬಂಧವೇ. ಈಗ ಜಿಲ್ಲೆಯ ಜನ ವಿಶ್ವವಿದ್ಯಾಲಯವನ್ನು ಪ್ರಶ್ನಿಸಬೇಕಾದರೆ ಪ್ರತಿಭಟನೆ ಅಥವಾ ಪತ್ರಿಕೆಯ ಓದುಗರ ಅಂಕಣ ಎಂಬ ಎರಡೇ ದಾರಿ ಉಳಿದಿವೆ.

ಈ ಹಿನ್ನೆಲೆಯಲ್ಲಿ 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಏಳು ವಿಶ್ವವಿದ್ಯಾಲಯಗಳನ್ನು ನೋಡಬೇಕು. ಬೀದರ್, ಹಾವೇರಿ, ಚಾಮರಾಜನಗರ, ಹಾಸನ, ಕೊಡಗು, ಕೊಪ್ಪಳ, ಬಾಗಲಕೋಟೆ ಜಿಲ್ಲೆಗಳಿಗಾಗಿ ತೆರೆದ ಇವು ಹೆಚ್ಚಾಗಿ ಹಳೆಯ ಪಿಜಿ ಸೆಂಟರ್‌ಗಳ ಮೇಲೆಯೇ ನಿಂತವು: ಹಾಸನದ್ದು ಹೇಮಗಂಗೋತ್ರಿಯಲ್ಲಿ, ಕೊಡಗಿನದು ಚಿಕ್ಕಅಳುವಾರದ ಜ್ಞಾನಕಾವೇರಿಯಲ್ಲಿ, ಹಾವೇರಿಯದು ಕೆರಿಮತ್ತಿಹಳ್ಳಿಯಲ್ಲಿ. ಹಿಂದಿನ ಜಾಡಿನಲ್ಲಿ ಪಿಜಿ ಸೆಂಟರ್ ವರ್ಷಗಟ್ಟಲೆ ಬೆಳೆದು, ವಿಭಾಗ, ಗ್ರಂಥಾಲಯ, ಅಧ್ಯಾಪಕ ವರ್ಗ ಕೂಡಿಕೊಂಡ ಮೇಲೆ ವಿಶ್ವವಿದ್ಯಾಲಯವಾಗುತ್ತಿತ್ತು. ಈ ಸಲ ಫಲಕ ಮೊದಲು ಬಂತು, ಹುದ್ದೆ ಮತ್ತು ಹಣ ಆಮೇಲೆ ಬರಬೇಕಾಗಿತ್ತು, ಬರಲಿಲ್ಲ. ಅತ್ತ ಜಿಲ್ಲೆಯ ಕಾಲೇಜುಗಳ ಜೊತೆಗೆ ಶುಲ್ಕದ ಆದಾಯವನ್ನೂ ಕಳೆದುಕೊಂಡ ಮಾತೃ ವಿಶ್ವವಿದ್ಯಾಲಯಗಳಿಗೆ ನಿವೃತ್ತರ ಪಿಂಚಣಿಯ ಹೊರೆ ಮಾತ್ರ ಹಾಗೆಯೇ ಉಳಿಯಿತು. 2025ರ ಫೆಬ್ರವರಿಯಲ್ಲಿ ಉಪಮುಖ್ಯಮಂತ್ರಿಯವರ ನೇತೃತ್ವದ ಸಂಪುಟ ಉಪಸಮಿತಿ ಹೊಸ ವಿಶ್ವವಿದ್ಯಾಲಯಗಳಲ್ಲಿ ಬೀದರ್ ಹೊರತು ಉಳಿದವನ್ನು ಮುಂದುವರಿಸುವುದು ಆರ್ಥಿಕವಾಗಿ ಕಾರ್ಯಸಾಧ್ಯವಲ್ಲವೆಂಬ ನಿಲುವಿಗೆ ಬಂದಾಗ ಆಯಾ ಜಿಲ್ಲೆಗಳಲ್ಲಿ ವಿರೋಧ ಎದ್ದಿತು. ಎರಡು ವರ್ಷ ತುಂಬದ, ಹೆಚ್ಚೇನೂ ಕೊಡದ ಸಂಸ್ಥೆಯನ್ನು ಜನ ಬಿಟ್ಟುಕೊಡಲು ಒಪ್ಪಲಿಲ್ಲ ಎಂಬುದು ಕೇವಲ ಜಿಲ್ಲಾಭಿಮಾನದಿಂದ ವಿವರಿಸಬಹುದಾದ ಸಂಗತಿಯಲ್ಲ. ಧಾರವಾಡದವರು ಒಂದು ಕಾಲದಲ್ಲಿ ವಂತಿಗೆ ಎತ್ತಿದ್ದರ ಹಿಂದಿನ ಹಸಿವೇ ಇಲ್ಲಿಯೂ ಇದೆ.

ತೆರೆಯುವವರೂ ಮುಚ್ಚಹೊರಟವರೂ ಒಂದೇ ಅಳತೆಗೋಲನ್ನು ಬಳಸಿದ್ದಾರೆ: ಕಾಲೇಜುಗಳ ಸಂಖ್ಯೆ, ವಿದ್ಯಾರ್ಥಿಗಳ ಸಂಖ್ಯೆ, ಶುಲ್ಕದ ಮೊತ್ತ. ಕೊಡಗಿನಂಥ ಸಣ್ಣ ಜಿಲ್ಲೆ ಈ ಲೆಕ್ಕದಲ್ಲಿ ಎಂದಿಗೂ ಗೆಲ್ಲುವುದಿಲ್ಲ. ಕಾಫಿ, ಕಾಡು, ಭೂಕುಸಿತ, ಕೊಡವ ಮತ್ತು ಅರೆಭಾಷೆಗಳನ್ನು ಅಧ್ಯಯನ ಮಾಡುವ ಒಂದು ಸಂಸ್ಥೆ ಅಲ್ಲಿ ಬೇಕೇ ಎಂದು ಕೇಳಿದರೆ ಉತ್ತರ ಬೇರೆಯಾಗುತ್ತದೆ. ಹಾಗೆ ಕೇಳಿದ ಮೇಲೂ ಪೂರ್ಣ ಪ್ರಮಾಣದ ವಿಶ್ವವಿದ್ಯಾಲಯಕ್ಕೆ ಬದಲಾಗಿ ಭದ್ರವಾದ ಅನುದಾನವಿರುವ ಪಿಜಿ ಸೆಂಟರ್ ಸಾಕು ಎಂಬ ತೀರ್ಮಾನಕ್ಕೆ ಬರಬಹುದು, ಅದರಲ್ಲಿ ತಪ್ಪಿಲ್ಲ. ಆದರೆ ಇವನ್ನು ಮಾತೃ ವಿಶ್ವವಿದ್ಯಾಲಯಗಳಲ್ಲಿ ವಿಲೀನಗೊಳಿಸುವ ಆದೇಶ ಹೊರಡಿಸುವ ಮೊದಲು ಸರ್ಕಾರ ಪ್ರತಿ ಜಿಲ್ಲೆಗೂ ಸಂಬಂಧಿಸಿದ ಮೂರು ವಿವರಗಳನ್ನು ಜನರ ಮುಂದೆ ಇಡಬೇಕು: ಈಗ ಓದುತ್ತಿರುವವರಲ್ಲಿ ಮನೆಯಿಂದಲೇ ಬಂದು ಹೋಗುವ ಹೆಣ್ಣುಮಕ್ಕಳೆಷ್ಟು, ಅಲ್ಲಿ ಕಾಯಂ ಅಧ್ಯಾಪಕರೆಷ್ಟು, ಆ ಜಿಲ್ಲೆಯ ಬಗ್ಗೆ ಅಲ್ಲಿ ನಡೆದಿರುವ ಸಂಶೋಧನೆ ಯಾವುದು.